ಅಂಬಾರಿಯೊಳಗೆ ಕೂತವರು

ನವರಾತ್ರಿ ಹತ್ತಿರವಾದಂತೆ ಜಯನಗರ, ಬನಶಂಕರಿಯ ಮನೆಗಳಲ್ಲಿ ಅಟ್ಟದ ಮೇಲಿನ ಗೊಂಬೆಗಳು ಕೆಳಗಿಳಿಯುತ್ತವೆ. ಅವುಗಳ ಜೊತೆಗೇ ಒಂದು ಹಳೆಯ ಗೊಣಗಾಟವೂ ಇಳಿಯುತ್ತದೆ. ಬಾರ್ಬಿಗೆ ಜರಿ ಸೀರೆ ಉಡಿಸಿ ಸೀತೆ ಅಂತೆ, ಪ್ಲಾಸ್ಟಿಕ್ ಸಿಪಾಯಿಯ ಕೋವಿ ಕಿತ್ತು ಬಿಲ್ಲು ಅಂಟಿಸಿ ಲಕ್ಷ್ಮಣ ಅಂತೆ, ಇದೂ ಒಂದು ಗೊಂಬೆ ಹಬ್ಬವೇ? ಸಂಪ್ರದಾಯ ಕೆಟ್ಟಿತು ಎನ್ನುವವರು ಮೇಲಿನ ಮೆಟ್ಟಿಲಲ್ಲಿ ಕೂತ ಪಟ್ಟದ ಗೊಂಬೆಗಳನ್ನೇ ಒಮ್ಮೆ ಗಮನಿಸಬೇಕು. ಮದುವೆಯಲ್ಲಿ ತವರಿನಿಂದ ಬರುವ ರಕ್ತಚಂದನದ ಆ ಜೋಡಿಗೆ ಕೆತ್ತಿದವನು ಕೊಡುವುದು ಮೈಕಟ್ಟು, ಮುಖ ಇಷ್ಟೇ. ಪೇಟ, ಪಂಚೆ, ಕುಪ್ಪಸ, ಮಣಿಸರ ಎಲ್ಲ ಮನೆಯವರ ಕೆಲಸ. ಒಂದು ವರ್ಷ ರಾಜ-ರಾಣಿಯಾದವರು ಇನ್ನೊಂದು ವರ್ಷ ಶ್ರೀನಿವಾಸ-ಪದ್ಮಾವತಿ ಆಗಬಹುದು. ಅರ್ಧ ಮಾಡಿ ಉಳಿದರ್ಧವನ್ನು ಮನೆಗೆ ಬಿಟ್ಟುಕೊಟ್ಟ ಗೊಂಬೆಯೇ ಪಟ್ಟಕ್ಕೆ ಏರಿರುವಾಗ, ಕೆಳಗಿನ ಮೆಟ್ಟಿಲಿನ ಬಾರ್ಬಿಯ ಮೇಲೆ ಮಾತ್ರ ಸಿಟ್ಟು ಯಾಕೆ?

ಪೂಜೆಗೆ ಕೂರುವ ಗೊಂಬೆಯ ಅಲಂಕಾರ ಬೇರೆ, ಆಟಿಕೆಯ ವೇಷ ಬದಲಿಸುವುದು ಬೇರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಮೈಸೂರಿನ ಕಡೆ ನೋಡಿದರೆ ಆ ಗೆರೆ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮುಂದೆ ಮೈಸೂರಿಗೆ ಬಂದು, ಆನೆ, ಒಂಟೆ, ಸಿಪಾಯಿಗಳ ಸಮೇತ ನಮ್ಮ ಮೆಟ್ಟಿಲುಗಳ ಮೇಲೂ ಸಾಲುಗಟ್ಟಿತು. ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿಯಲ್ಲಿ ಕೂರುತ್ತಿದ್ದವರು ಮಹಾರಾಜರು. ರಾಜಧನ ರದ್ದಾದ 1971ರ ಈಚಿನ ದಸರಾಗಳಲ್ಲಿ ಅಲ್ಲಿ ಕೂರುವವಳು ಚಾಮುಂಡೇಶ್ವರಿ. ಅಂಬಾರಿಯನ್ನು ಕರಗಿಸಲಿಲ್ಲ, ಮೆರವಣಿಗೆಯನ್ನು ನಿಲ್ಲಿಸಲಿಲ್ಲ. ಒಳಗಿನ ಮೂರ್ತಿಯೊಂದು ಬದಲಾಯಿತು, ಅಷ್ಟೆ. ಸಿಪಾಯಿಯ ಕೋವಿ ಕಿತ್ತು ಬಿಲ್ಲು ಕೊಟ್ಟವರು ಮಾಡಿದ್ದೂ ಇದನ್ನೇ. ಅದು ಕಾಲದ ಒತ್ತಡ, ಇದು ಬರೀ ಆಟ ಎನ್ನಬಹುದು. ಇರಲಿ. ಆಟವೆಂದರೆ ಹಗುರವೆಂದು ಭಾವಿಸದ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳ ಯುದ್ಧಕ್ಕೇ ನಿಯಮಗಳ ಪುಸ್ತಕ ಬರೆದ. ಆ ಪರಂಪರೆಯ ಹವ್ಯಾಸಿಗಳು ಇವತ್ತಿಗೂ ಗೊಂಬೆಯ ಕೈ ಕತ್ತರಿಸಿ, ತಲೆ ಬದಲಿಸಿ, ಬಣ್ಣ ಬಳಿಯುತ್ತಾರೆ. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅವರಿಗೆ ನಿದ್ದೆ ಬಾರದು. ನಮ್ಮ ಮೆಟ್ಟಿಲುಗಳ ಮೇಲೆ ಗಿಳಿ ಗೋಪುರಕ್ಕಿಂತ ದಪ್ಪಗಿದ್ದರೂ ಯಾರೂ ಕೇಳುವುದಿಲ್ಲ. ಈ ಉದಾರತೆ ನನಗೆ ಹೆಚ್ಚು ಇಷ್ಟ.

ಹಾಗೆಂದು ಎಲ್ಲವನ್ನೂ ತಿದ್ದಬಹುದೆಂದಲ್ಲ. ಚನ್ನಪಟ್ಟಣದ ಗೊಂಬೆಗೆ ತಿರುಗುವ ಮರದ ಮೇಲೆ ಅರಗು ಒತ್ತಿ, ಕೇದಗೆ ಎಲೆಯಿಂದ ಉಜ್ಜಿ ತಂದ ಹೊಳಪಿರುತ್ತದೆ. ಅದರ ಮೇಲೆ ಡಬ್ಬಿಯ ಪೇಂಟ್ ಬಳಿಯುವುದು ಮುಗಿದ ಮಾತಿನ ನಡುವೆ ಬಾಯಿ ಹಾಕಿದಂತೆ. ಕಿನ್ನಾಳದ ಗೊಂಬೆಗೂ ಇದೇ ಮರ್ಯಾದೆ ಸಲ್ಲಬೇಕು. ಮಾಡಿದವರು ಕೈಯೆತ್ತಿ ಸಾಕು ಎಂದದ್ದನ್ನು ಹಾಗೇ ಬಿಡುವುದು, ಜಾಗ ಬಿಟ್ಟಲ್ಲಿ ಸೇರಿಕೊಳ್ಳುವುದು: ಸಂಪ್ರದಾಯದ ಪ್ರಶ್ನೆಯೇನಿದ್ದರೂ ಇಲ್ಲಿದೆ, ಬಾರ್ಬಿಯಲ್ಲಲ್ಲ. ಹಾಗೆ ಜಾಗ ಬಿಡುವುದರಲ್ಲಿ ಶೆಟ್ಟರ ಗೊಂಬೆಯನ್ನು ಮೀರಿಸುವವರಿಲ್ಲ. ಹೊಟ್ಟೆ ಬಿಟ್ಟುಕೊಂಡು ಹೆಂಡತಿಯ ಪಕ್ಕ ಕೂತ ಈ ದಿನಸಿ ವ್ಯಾಪಾರಿಯ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ ಇಡುತ್ತಾರೆ. ಅಡುಗೆಮನೆಯಲ್ಲಿ ಏನಿದೆಯೋ ಅದೇ ಅವರ ಅಂಗಡಿಯ ಮಾಲು. ಯಾರಾದರೂ ಪಕ್ಕದಲ್ಲೊಂದು ಕ್ಯೂಆರ್ ಕೋಡ್ ಅಂಟಿಸಿದರೂ ಶೆಟ್ಟರು ಬೇಡವೆನ್ನಲಾರರು, ವ್ಯಾಪಾರ ತಾನೇ.