ಹೊಸ ಹಾಡುಗಳ ಖಾತೆ

ಆಷಾಢ ಶುಕ್ಲ ಚತುರ್ದಶಿಯಂದು ಚಾತುರ್ಮಾಸದ ನಿಯಮಗಳನ್ನು ಸ್ವೀಕರಿಸಿ ಬಸದಿಯಿಂದ ಮನೆಗೆ ಮರಳಿದ ಮೇಲೆ ನಾನು ತಪ್ಪದೆ ಮಾಡುವ ಒಂದು ಚಿಕ್ಕ ಕೆಲಸವುಂಟು. ಕೆಂಪು ಬಟ್ಟೆಯ ರಟ್ಟಿನ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆರೆದು, ಕಳೆದ ದೀಪಾವಳಿಯಿಂದ ಅಂದಿನವರೆಗೆ ಹೊಸದಾಗಿ ಕೇಳಿದ ಸಂಗೀತದ ಆಲ್ಬಮ್‌ಗಳಲ್ಲಿ ಮನಸ್ಸಿಗೆ ಹಿಡಿಸಿದವುಗಳ ಹೆಸರು ಬರೆದು, ಕೆಳಗೆ ಗೆರೆ ಎಳೆಯುತ್ತೇನೆ. ಅಲ್ಲಿಂದ ಮುಂದೆ ವೀರನಿರ್ವಾಣದ ದಿನದವರೆಗೆ ಹೊಸ ಸಂಗೀತವಿಲ್ಲ. ವರ್ಷಕ್ಕೆ ಐದು ಆಲ್ಬಮ್ ಎಂಬುದು ನಾನು ಹಾಕಿಕೊಂಡ ಮಿತಿ. ಈ ವರ್ಷ ಇದುವರೆಗೆ ಮೂರು ಆಗಿವೆ.

ಸಂಗೀತಕ್ಕೂ ದಿನಸಿಯಂತೆ ಲೆಕ್ಕವೇ ಎಂದು ವಾಚಕರು ನಕ್ಕರೆ ನನಗೆ ಬೇಸರವಿಲ್ಲ. ನನ್ನ ಮೊಮ್ಮಗಳೂ ನಗುತ್ತಾಳೆ. ಆದರೆ ಈ ಆಲೋಚನೆ ನನ್ನದಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ, ಶ್ರಾವಕನು ಕಾಲಮಿತಿಯಿಂದ ನಿಯಮ ಮಾಡಿಕೊಳ್ಳಬೇಕಾದ ವಸ್ತುಗಳಲ್ಲಿ ಭೋಜನ, ವಾಹನ, ಶಯನ, ತಾಂಬೂಲ, ಉಡುಗೆಗಳ ಸಾಲಿನಲ್ಲಿಯೇ ಸಂಗೀತವನ್ನೂ ಗೀತವನ್ನೂ ಹೆಸರಿಸಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ, ಹೀಗೆ ಅವಧಿಯನ್ನು ಗೊತ್ತುಮಾಡಿಕೊಂಡು ತ್ಯಜಿಸುವುದು ನಿಯಮ. ಜೀವನಪರ್ಯಂತವಾದರೆ ಅದು ಯಮ. ಸಂಗೀತವನ್ನು ಅವರು ಪಾಪವೆಂದು ತಳ್ಳಿಹಾಕಲಿಲ್ಲವೆಂಬುದನ್ನೂ, ಲೆಕ್ಕದಿಂದ ಹೊರಗೆ ಬಿಡಲಿಲ್ಲವೆಂಬುದನ್ನೂ ಗಮನಿಸಬೇಕು.

ಒಮ್ಮೆ ಉಂಡು ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸಬಹುದಾದ್ದು ಉಪಭೋಗ. ಅನ್ನ ಮೊದಲನೆಯದಕ್ಕೆ, ವಸ್ತ್ರ ಎರಡನೆಯದಕ್ಕೆ ಉದಾಹರಣೆ. ಹಾಗಾದರೆ ಹಾಡು ಯಾವುದು? ಆಚಾರ್ಯರ ಕಾಲದಲ್ಲಿ ಹಾಡಿದವನ ಉಸಿರಿನೊಡನೆ ಹಾಡು ಮುಗಿಯುತ್ತಿತ್ತು. ಆದ್ದರಿಂದ ಅದು ಭೋಗವೇ ಆಗಿರಬೇಕು. ಗಾನತಟ್ಟೆಯೂ ಧ್ವನಿಸುರುಳಿಯೂ ಬಂದ ಮೇಲೆ ಅದು ವಸ್ತ್ರದಂತೆ ಉಪಭೋಗವಾಯಿತು. ಈಗ ದೂರವಾಣಿಯಲ್ಲಿ ಕೋಟಿಗಟ್ಟಲೆ ಹಾಡುಗಳು ಹರಿದು ಬರುತ್ತವೆ. ಕೈಯಲ್ಲಿ ವಸ್ತುವಿಲ್ಲ, ಕೇಳುವುದಕ್ಕೆ ಕೊನೆಯಿಲ್ಲ. ಇದನ್ನು ಯಾವ ಪಂಗಡಕ್ಕೆ ಸೇರಿಸಬೇಕೆಂದು ನಾನು ಇಬ್ಬರು ಪಂಡಿತರನ್ನು ಕೇಳಿದೆ. ಅವರಲ್ಲಿ ಒಮ್ಮತವಿಲ್ಲ. ನಾನು ಪಂಡಿತನಲ್ಲ, ಬಿ.ಕಾಂ. ಓದಿದ ಕಾಗದದ ವ್ಯಾಪಾರಿ. ಆದ್ದರಿಂದ ಎಣಿಸಬಹುದಾದ್ದನ್ನು ಎಣಿಸುತ್ತೇನೆ.

ನಾನು ಸ್ವಂತ ಹಣದಿಂದ ಕೊಂಡ ಮೊದಲ ಧ್ವನಿಸುರುಳಿ 'ನಿತ್ಯೋತ್ಸವ'. 1978ರಲ್ಲಿ ಬಂದ ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದೇ ಹೆಸರಾಗಿದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಆಗ ನಾನು ಕಾಲೇಜಿನ ವಿದ್ಯಾರ್ಥಿ. ಜಯನಗರ ನಾಲ್ಕನೆಯ ಬ್ಲಾಕಿನಲ್ಲಿದ್ದ ತೀರ್ಥರೂಪರ ನೋಟ್‌ಪುಸ್ತಕದ ಅಂಗಡಿಯಲ್ಲಿ ಸಂಜೆ ಕುಳಿತಾಗ, ಗಿರಾಕಿಗಳಿಲ್ಲದ ವೇಳೆ ನೋಡಿ ಅದನ್ನು ಹಾಕುತ್ತಿದ್ದೆ. ತೀರ್ಥರೂಪರು ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ, "ಗಿರಾಕಿ ಬಂದಾಗ ನಿಲ್ಲಿಸುತ್ತೀಯಲ್ಲ, ಅವರಿಗೂ ಕಿವಿಯಿಲ್ಲವೇ?" ಎಂದರು.

1986ರ ದಶಲಕ್ಷಣ ಪರ್ವದಲ್ಲಿ ನಡೆದದ್ದನ್ನು ಇದುವರೆಗೆ ಬರಹದಲ್ಲಿ ಹೇಳಿಲ್ಲ. ನಮ್ಮ ಬಡಾವಣೆಗೆ ಹತ್ತಿರವಿದ್ದ ಒಬ್ಬ ಸಂಗೀತದ ಮೇಷ್ಟರು ಭರತೇಶ ವೈಭವದ ಕೆಲವು ಪದ್ಯಗಳಿಗೆ ರಾಗ ಹಾಕಿ, ತಾವೇ ಹಾಡಿ, ಕೈಯಿಂದ ಹಣ ಹಾಕಿ ಐನೂರು ಧ್ವನಿಸುರುಳಿಗಳನ್ನು ಮಾಡಿಸಿದ್ದರು. ರತ್ನಾಕರವರ್ಣಿಯ ಸಾಂಗತ್ಯ ಹಾಡುವುದಕ್ಕೆಂದೇ ಹುಟ್ಟಿದ ಛಂದಸ್ಸು. ಹತ್ತು ಸಾವಿರದಷ್ಟು ಪದ್ಯಗಳ ಆ ಕಾವ್ಯವನ್ನು ನಾವು ಪೀಠದ ಮೇಲಿಟ್ಟು ಪೂಜಿಸುತ್ತೇವೆಯೇ ಹೊರತು ಹಾಡುವವರು ಕಡಮೆ. ಮೇಷ್ಟರ ಕಂಠ ದೊಡ್ಡದಲ್ಲ, ಆದರೆ ಮಾತು ಸ್ಪಷ್ಟ. ನಾನು ಒಂದನ್ನು ಇಪ್ಪತ್ತೆರಡು ರೂಪಾಯಿಗೆ ಕೊಂಡು ತಂದು ಕೇಳಿ ತುಂಬ ಸಂತೋಷಪಟ್ಟೆ. ಆ ಸಂತೋಷದಲ್ಲಿಯೇ, ಎರಡು ಕ್ಯಾಸೆಟ್ ಹಿಡಿಯುವ ಟೇಪ್ ರೆಕಾರ್ಡರಿನಲ್ಲಿ ಖಾಲಿ ಕ್ಯಾಸೆಟ್‌ಗಳ ಮೇಲೆ ನಲವತ್ತು ಪ್ರತಿಗಳನ್ನು ಮಾಡಿ, ಪರ್ವದ ಹತ್ತು ದಿನಗಳಲ್ಲಿ ಬಸದಿಗೆ ಬಂದವರಿಗೆ ಉಚಿತವಾಗಿ ಹಂಚಿದೆ. ಖಾಲಿ ಕ್ಯಾಸೆಟ್‌ಗಳ ಖರ್ಚು ನನ್ನದೇ. ಇದು ಶಾಸ್ತ್ರದಾನವೆಂದು ನಂಬಿದ್ದೆ. ಒಬ್ಬಿಬ್ಬರು ಹಿರಿಯರು ಬೆನ್ನು ತಟ್ಟಿದರು.

ನಾಲ್ಕಾರು ತಿಂಗಳ ಬಳಿಕ ಮೇಷ್ಟರು ಅಂಗಡಿಗೆ ರಸೀತಿ ಪುಸ್ತಕ ಕೊಳ್ಳಲು ಬಂದಾಗ ನಾನೇ ಹೆಮ್ಮೆಯಿಂದ ಈ ಸಂಗತಿಯನ್ನು ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳ್ಳೆಯದಾಯಿತು ಸ್ವಾಮಿ, ಹಾಡು ನಲವತ್ತು ಮನೆ ಸೇರಿತು. ನಮ್ಮ ಮನೆಯಲ್ಲಿ ಇನ್ನೂ ಮುನ್ನೂರು ಇವೆ" ಎಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಮರುದಿನವೇ ಅವರ ಮನೆಗೆ ಹೋಗಿ ಉಳಿದ ಮುನ್ನೂರನ್ನೂ ನಾನೇ ಕೊಳ್ಳುತ್ತೇನೆಂದೆ. ಅಷ್ಟಕ್ಕೇ ನಿಲ್ಲದೆ, ವ್ಯಾಪಾರದ ಅಭ್ಯಾಸಬಲದಿಂದ, ಒಟ್ಟಿಗೆ ತೆಗೆದುಕೊಂಡರೆ ಎಷ್ಟು ರಿಯಾಯಿತಿ ಎಂದೂ ಕೇಳಿಬಿಟ್ಟೆ! ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಅವರು ಮುನ್ನೂರನ್ನು ಕೊಡಲಿಲ್ಲ. ನಲವತ್ತರ ಬೆಲೆ ಎಂಟುನೂರ ಎಂಬತ್ತು ರೂಪಾಯಿಗಳನ್ನು ಎಣಿಸಿಕೊಂಡು, ಅದಕ್ಕೂ ಒಂದು ರಸೀತಿ ಬರೆದುಕೊಟ್ಟರು. ನನ್ನ ಅಂಗಡಿಯ ಪುಸ್ತಕದಲ್ಲಿಯೇ.

ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಲ್ಲಿ ಕಡೆಯದಾಗಿ ಪ್ರತಿರೂಪಕ ವ್ಯವಹಾರವನ್ನು ಇಟ್ಟಿದೆ. ಅಸಲಿನ ಜಾಗದಲ್ಲಿ ಅದರಂತೆಯೇ ಕಾಣುವ ನಕಲನ್ನು ನಡೆಸುವುದೆಂದು ಅದರ ಅರ್ಥ. ಚಿನ್ನದಲ್ಲಿ ಬೆರಕೆ, ತುಪ್ಪದಲ್ಲಿ ಬೆರಕೆ ಎಂಬ ಉದಾಹರಣೆಗಳನ್ನು ಬಾಲ್ಯದಿಂದ ಕೇಳಿ ಬೆಳೆದ ನನಗೆ, ನನ್ನ ಕೈಯಲ್ಲಿಯೇ ನಲವತ್ತು ಪ್ರತಿರೂಪಕಗಳು ಹುಟ್ಟಿದಾಗ ಆ ಶಬ್ದ ನೆನಪಿಗೆ ಬರಲಿಲ್ಲ. ಲಾಭ ಪಡೆಯಲಿಲ್ಲವಲ್ಲ ಎಂಬುದೇ ನನ್ನ ಸಮಾಧಾನವಾಗಿತ್ತು. ಆದರೆ ಲಾಭ ನನಗೆ ಬಾರದಿರುವುದಕ್ಕೂ ಮೇಷ್ಟರಿಗೆ ನಷ್ಟವಾಗದಿರುವುದಕ್ಕೂ ಏನು ಸಂಬಂಧ? ಜಮೆಯ ಕಡೆ ಸೊನ್ನೆಯಿದ್ದ ಮಾತ್ರಕ್ಕೆ ಖರ್ಚಿನ ಕಡೆ ಸೊನ್ನೆಯಾಗುವುದಿಲ್ಲವೆಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವನು.

1987ರ ಆಷಾಢದಲ್ಲಿ ಈ ಖಾತೆ ಆರಂಭವಾಯಿತು. ಮೊದಲ ಪುಟದಲ್ಲಿ 'ಪ್ರೇಮಲೋಕ'ದ ಹೆಸರಿದೆ. ಆ ವರ್ಷ ಹಂಸಲೇಖರ ಹಾಡುಗಳು ಮೊಳಗದ ಬೀದಿ ಬೆಂಗಳೂರಿನಲ್ಲಿರಲಿಲ್ಲ. ಚಲನಚಿತ್ರದ ಪ್ರಣಯಗೀತೆ ಶ್ರಾವಕನ ಪುಸ್ತಕದಲ್ಲಿರುವುದು ದುಃಶ್ರುತಿಯಲ್ಲವೇ ಎಂದು ಬಂಧುಗಳೊಬ್ಬರು ಆಕ್ಷೇಪಿಸಿದ್ದರು. ಇಷ್ಟಪಟ್ಟು ಕೇಳಿ, ಬರೆಯುವಾಗ ಮಾತ್ರ ಸ್ತೋತ್ರದ ಹೆಸರು ಬರೆದರೆ ಅದು ಇನ್ನೊಂದು ಅಣುವ್ರತಕ್ಕೆ ಭಂಗವಾದೀತು ಎಂದೆ. ಮುಂದಿನ ಪುಟಗಳಲ್ಲಿ 'ಸಂತ ಶಿಶುನಾಳ ಶರೀಫ' ಇದೆ, 'ಮೈಸೂರು ಮಲ್ಲಿಗೆ' ಇದೆ, ಸಿ. ಅಶ್ವತ್ಥರ ಕಂಠವನ್ನು ಹೊಸದೆಂದು ಮೊದಲ ಬಾರಿ ಕೇಳಿದವರ ಭಾಗ್ಯ ಈಗಿನ ಮಕ್ಕಳಿಗಿಲ್ಲ.

ಇನ್ನು ಈ ವರ್ಷದ ಮೂರು. ನನ್ನ ಖಾತೆಯಲ್ಲಿ ಹೊಸದೆಂದರೆ ನನ್ನ ಕಿವಿಗೆ ಹೊಸದು. ಪೇಟೆಗೆ ಬಂದ ದಿನಾಂಕವನ್ನು ಪಕ್ಕದಲ್ಲಿ ಬರೆಯುತ್ತೇನೆ.

ಮೊದಲನೆಯದು 'ವಾರಿ', 2024. ಹಾಡಿದವರು ನಮ್ಮ ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್. ತಂದೆ ಕೊಳಲು ವಿದ್ವಾಂಸರು, ಮಗಳು ಕೊಳಲನ್ನೂ ನುಡಿಸುತ್ತಾರೆ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ಇನ್ನೂರರಷ್ಟು ರಾಗಗಳನ್ನು ಗುರುತಿಸುತ್ತಿದ್ದರೆಂದು ಪತ್ರಿಕೆಗಳಲ್ಲಿ ಓದಿದ್ದೆ. ಅಮೆರಿಕದ ಮೈಕೆಲ್ ಲೀಗ್ ಎಂಬುವರು ಇದರ ನಿರ್ಮಾಪಕರು. ನಮ್ಮ ಸ್ವರಗಳು ಪರದೇಶದ ವಾದ್ಯಗಳ ನಡುವೆ ಹೋದಾಗ ಸಾಮಾನ್ಯವಾಗಿ ಅತಿಥಿಯಂತೆ ಸಂಕೋಚದಿಂದ ಕುಳಿತಿರುತ್ತವೆ. ಇಲ್ಲಿ ಮನೆಯವರಂತೆ ಓಡಾಡುತ್ತವೆ. ಮೊದಲ ಸಲ ನನಗೆ ಅರ್ಧವೂ ಹಿಡಿಯಲಿಲ್ಲ. ಮೂರನೆಯ ಸಲ ಕೇಳುವಾಗ ಕಣ್ಣು ಒದ್ದೆಯಾಯಿತು. ಕಾರಣ ಹೇಳಲಾರೆ.

ಮೂರನೆಯ ಸ್ಥಾನದಲ್ಲಿರುವುದನ್ನು ಮೊದಲು ಹೇಳಿ ಮುಗಿಸುತ್ತೇನೆ: 'ಡಿವೈನ್ ಟೈಡ್ಸ್', 2021. ಬೆಂಗಳೂರಿನ ರಿಕಿ ಕೇಜ್ ಮತ್ತು 'ದಿ ಪೊಲೀಸ್' ತಂಡದ ತಾಳವಾದ್ಯಗಾರ ಸ್ಟುವರ್ಟ್ ಕೋಪ್‌ಲ್ಯಾಂಡ್ ಸೇರಿ ಮಾಡಿದ ಒಂಬತ್ತು ರಚನೆಗಳು. 2022ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಹೊರತಂದದ್ದು ಕ್ಯಾಸೆಟ್ ಕಾಲದಿಂದ ನಮಗೆ ಪರಿಚಿತವಾದ ಲಹರಿ ಸಂಸ್ಥೆ. ಪ್ರಕೃತಿಯ ಕುರಿತ ಅದರ ಕಾಳಜಿ ಮೆಚ್ಚತಕ್ಕದ್ದು. ಸಂಗೀತ ನನ್ನ ನಾಲಿಗೆಗೆ ತುಸು ಹೆಚ್ಚು ಸಿಹಿ.

ಎರಡನೆಯದರ ಬಳಿ ನಿಂತುಬಿಟ್ಟಿದ್ದೇನೆ. ಅದು ಶಕ್ತಿ ತಂಡದ 'ದಿಸ್ ಮೊಮೆಂಟ್', 2023. 1977ರ ನಂತರ, ನಲವತ್ತಾರು ವರ್ಷ ಕಳೆದು, ಆ ತಂಡ ಸ್ಟುಡಿಯೋದಲ್ಲಿ ಮಾಡಿದ ಆಲ್ಬಮ್. ಜಾಕಿರ್ ಹುಸೇನರು 2024ರ ಡಿಸೆಂಬರ್ 15ರಂದು ತೀರಿಕೊಂಡ ಮೇಲೆ ಅದನ್ನು ಕೇಳಿದೆನಾದ್ದರಿಂದ ತಬಲದ ಒಂದೊಂದು ಪೆಟ್ಟೂ ಬೇರೆಯಾಗಿ ಕೇಳಿಸಿತು. ಕೇಳಿ ಮುಗಿಸಿದಾಗ ಮೊಮ್ಮಗಳು, "ತಾತ, ತಬಲಕ್ಕೆ ಯಾವ ಚರ್ಮ?" ಎಂದಳು. ಆಡಿನ ಚರ್ಮ. ಮೃದಂಗಕ್ಕೆ ಆಡಿನದು, ಹಸುವಿನದು, ಎಮ್ಮೆಯದು. ಖಂಜಿರಕ್ಕೆ ಹಿಂದೆ ಉಡದ ಚರ್ಮವನ್ನು ಬಿಗಿಯುತ್ತಿದ್ದರು. ಉಡವು ಈಗ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿದೆ. ಚರ್ಮದ ಪಾದರಕ್ಷೆಯನ್ನು ಬಿಟ್ಟು ಮೂವತ್ತು ವರ್ಷಗಳಾದ ನಾನು, ಚರ್ಮದ ನಾದವನ್ನು ವರ್ಷದ ಅಚ್ಚುಮೆಚ್ಚಿನ ಪಟ್ಟಿಗೆ ಸೇರಿಸುತ್ತಿದ್ದೇನೆ! ಮೃದಂಗ ಕಟ್ಟುವವರ ಬದುಕನ್ನು ಕುರಿತು ಟಿ.ಎಂ. ಕೃಷ್ಣ ಅವರು 2020ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ವೇದಿಕೆಯ ಮೇಲಿನ ನಾದಕ್ಕೆ ಹಿಂದೆ ಯಾವ ಕೈಗಳು, ಯಾವ ಪ್ರಾಣಿಗಳು ಇವೆಯೆಂದು ತಿಳಿಯಬಯಸುವವರು ಓದಬಹುದು. ನಮ್ಮ ಉತ್ಸವಗಳ ಮೆರವಣಿಗೆಯಲ್ಲಿ ಜಿನಬಿಂಬದ ಮುಂದೆ ಬಾರಿಸುವ ವಾದ್ಯಗಳೂ ಚರ್ಮದವೇ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆ.

ಮೃದಂಗ ವಾದಕರೂ ಇಂಜಿನಿಯರರೂ ಆದ ಬೆಂಗಳೂರಿನ ಕೆ. ವರದರಂಗನ್ ಅವರು ಚರ್ಮವಿಲ್ಲದೆ ಕೃತಕ ಹೊದಿಕೆಯ 'ಶ್ರೀ ಮೃದಂಗ'ವನ್ನು ರೂಪಿಸಿದ್ದಾರೆ. ಜೆ.ಪಿ. ನಗರದ ಒಂದು ಚಿಕ್ಕ ಕಚೇರಿಯಲ್ಲಿ ಅದನ್ನು ಕೇಳಿದೆ. ನನ್ನ ಸಾಮಾನ್ಯ ಕಿವಿಗೆ ಭೇದ ಅಷ್ಟಾಗಿ ತಿಳಿಯಲಿಲ್ಲ, ವಿದ್ವಾಂಸರಿಗೆ ತಿಳಿದೀತು. ನಮ್ಮ ಟ್ರಸ್ಟಿನ ಮುಂದಿನ ಸಭೆಯಲ್ಲಿ ಬಸದಿಯ ಭಜನೆಗೆ ಒಂದನ್ನು ಕೊಳ್ಳಬೇಕೆಂದು ಸೂಚಿಸಲಿದ್ದೇನೆ. ಬೆಲೆಯ ಪ್ರಶ್ನೆ ಬರುವುದು ಖಂಡಿತ. 'ದಿಸ್ ಮೊಮೆಂಟ್' ಹೆಸರನ್ನು ಪುಸ್ತಕದಿಂದ ಹೊಡೆದುಹಾಕಲಿಲ್ಲ. ಎದುರಿಗೆ ಚರ್ಮ ಎಂದು ಬರೆದಿದ್ದೇನೆ.

ಟ್ರಸ್ಟುಗಳ ಮಾತು ಬಂದದ್ದರಿಂದ ಒಂದು ಬಿನ್ನಹ. ನಲವತ್ತು ಕ್ಯಾಸೆಟ್‌ಗಳಿಗೆ ನನಗೆ ಹತ್ತು ದಿನ ಹಿಡಿದಿತ್ತು. ಈಗ ಭಕ್ತಾಮರದ ಒಂದು ಧ್ವನಿಮುದ್ರಿಕೆಯನ್ನು ವಾಟ್ಸಾಪಿನಲ್ಲಿ ನಾಲ್ಕುನೂರು ಮನೆಗಳಿಗೆ ಕಳುಹಿಸಲು ಅರ್ಧ ನಿಮಿಷ ಸಾಕು; ಹಾಡಿದವರ ಹೆಸರೂ ಅದರಲ್ಲಿರುವುದಿಲ್ಲ. ಮಾನತುಂಗಾಚಾರ್ಯರ ಸ್ತೋತ್ರ ಎಲ್ಲರದು, ನಿಜ. ಆದರೆ ಹೊಸದಾಗಿ ಕೂಡಿಸಿದ ರಾಗ, ಹಾಡಿದ ಧ್ವನಿ, ಮುದ್ರಿಸಿದವರ ಶ್ರಮ ಎಲ್ಲರದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಈಗಿರುವಂತೆ ಧ್ವನಿಮುದ್ರಣಕ್ಕೆ ಅರುವತ್ತು ವರ್ಷಗಳ ರಕ್ಷಣೆ ಕೊಡುತ್ತದೆ. 2012ರ ತಿದ್ದುಪಡಿಯು ಸಾಹಿತ್ಯ ಬರೆದವರ ಮತ್ತು ಸ್ವರ ಕೂಡಿಸಿದವರ ಸಮಪಾಲನ್ನು ಗಟ್ಟಿಮಾಡಿತು. ಪ್ರಾಮಾಣಿಕವಾದ ಧಾರ್ಮಿಕ ವಿಧಿಯಲ್ಲಿ ಹಾಡುವುದಕ್ಕೂ ನುಡಿಸುವುದಕ್ಕೂ ಕಾನೂನು ವಿನಾಯಿತಿ ಕೊಟ್ಟಿದೆ, ಪ್ರತಿ ಮಾಡಿ ಹಂಚುವುದಕ್ಕೆ ಅಲ್ಲ. ನಮ್ಮಲ್ಲಿ ಕಳಶಕ್ಕೆ, ಆರತಿಗೆ ಸವಾಲು ಕೂಗಿ ಸಾವಿರಗಟ್ಟಲೆ ಕೊಡುವವರಿದ್ದಾರೆ. ಹಾಡಿದವರಿಗೆ ಗೌರವಧನ ಕೊಡುವಾಗ ಮಾತ್ರ ಎಲ್ಲರಿಗೂ ಸೇವಾಭಾವನೆ ನೆನಪಾಗುತ್ತದೆ.

ಮನೆಯಲ್ಲಿ ಮಾಸಿಕ ಚಂದಾ ಕಟ್ಟಿಯೇ ಸಂಗೀತ ಕೇಳುತ್ತೇವೆ. ಚಂದಾ ಹಣವೆಲ್ಲ ಒಂದೆಡೆ ಸೇರಿ, ಒಟ್ಟು ಕೇಳ್ಮೆಯ ಪ್ರಮಾಣದಲ್ಲಿ ಹಂಚಿಕೆಯಾಗುವುದೆಂದು ಮೊಮ್ಮಗಳು ವಿವರಿಸಿದಳು. ಹಾಗಾದರೆ ನಾನು ಕೇಳಿದವರಿಗಿಂತ ಊರೆಲ್ಲ ಕೇಳಿದವರಿಗೇ ನನ್ನ ಹಣ ಹೆಚ್ಚಾಗಿ ಹೋಯಿತಲ್ಲ! ಇಷ್ಟವಾದವರ ಕಚೇರಿಗೆ ವರ್ಷಕ್ಕೊಮ್ಮೆಯಾದರೂ ಟಿಕೆಟ್ ಕೊಂಡು ಹೋಗುವುದೊಂದೇ ನನಗೆ ತೋಚಿದ ದಾರಿ. ಮತ್ತೆ, ಆಲ್ಬಮ್ ಕೇಳುವಾಗ ಬೇರೆ ಕೆಲಸ ಮಾಡುವುದಿಲ್ಲ. ಒಂದು ಮುಹೂರ್ತವೆಂದರೆ ನಲವತ್ತೆಂಟು ನಿಮಿಷ, ಹಳೆಯ ಲಾಂಗ್ ಪ್ಲೇ ತಟ್ಟೆಯ ಎರಡು ಮೈಗಳೂ ಹೆಚ್ಚುಕಡಿಮೆ ಅಷ್ಟೇ. ಇದು ಸಾಮಾಯಿಕವಲ್ಲ, ಖಂಡಿತ ಅಲ್ಲ. ಆದರೆ ಅಷ್ಟು ಹೊತ್ತು ಅಲುಗದೆ ಕೂರುವ ಅಭ್ಯಾಸ ನನಗೆ ಅಲ್ಲಿಂದಲೇ ಬಂದದ್ದು.

ಮೇಷ್ಟರು ಈಗಿಲ್ಲ. ಅವರ ಮಗಳು ಬನಶಂಕರಿ ಎರಡನೆಯ ಹಂತದಲ್ಲಿದ್ದಾರೆ. ತಂದೆಯ ಹಾಡುಗಳನ್ನು ಡಿಜಿಟಲ್ ರೂಪಕ್ಕೆ ತಂದು, ಅವರ ಹೆಸರಿನಲ್ಲಿಯೇ ಹೊರತಂದು, ಬಂದದ್ದನ್ನು ನಿಮಗೆ ತಲುಪಿಸುತ್ತೇವೆ, ಒಪ್ಪಿಗೆಯೇ ಎಂದು ಕಳೆದ ತಿಂಗಳು ಹೋಗಿ ಕೇಳಿದೆ. ಒಳಗಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟರು. ನೂರಾರು ಧ್ವನಿಸುರುಳಿಗಳು, ಹೊದಿಕೆ ಹರಿಯದೆ ಹಾಗೆಯೇ ಇವೆ. "ಎಷ್ಟು ಬೇಕು ಅಂಕಲ್?" ಎಂದರು. ಒಂದನ್ನು ಕೊಂಡೆ. ರಿಯಾಯಿತಿ ಕೇಳಲಿಲ್ಲ.

ಚತುರ್ದಶಿಗೆ ಮುಂಚೆ ಕೇಳಲಾಗಲಿಲ್ಲ, ನನ್ನ ಪ್ಲೇಯರಿನ ಬೆಲ್ಟು ಸಡಿಲವಾಗಿದೆ. ಎಸ್.ಪಿ. ರಸ್ತೆಯಲ್ಲಿ ಕೊಟ್ಟು ಬಂದಿದ್ದೇನೆ. ಶನಿವಾರ ಬನ್ನಿ ಎಂದಿದ್ದಾರೆ. ಅದು ನನ್ನ ಕಿವಿಗೆ ಹೊಸದಲ್ಲ, ಚಾತುರ್ಮಾಸದಲ್ಲಿ ಕೇಳಬಹುದು ಎಂದು ಮೊಮ್ಮಗಳ ವಾದ. ನಾನು ಇನ್ನೂ ತೀರ್ಮಾನಿಸಿಲ್ಲ.