ಇಸ್ತಾಂಬುಲಿನ ಸಫ್‌ನಲ್ಲಿ ಕಲಿತ ಪಾಠ

ಪ್ರಯಾಣಕ್ಕೆ ಅರಬಿಯಲ್ಲಿ ‘ಸಫರ್’ ಎಂಬ ಹೆಸರು ಬಂದುದು ‘ತೆರೆದು ತೋರಿಸು’ ಎಂಬ ಅರ್ಥದ ಧಾತುವಿನಿಂದ ಎಂದು ದರ್ಸ್‌ನಲ್ಲಿ ನಮ್ಮ ಉಸ್ತಾದರು ಹೇಳುತ್ತಿದ್ದರು. ಮನುಷ್ಯನ ಒಳಗನ್ನು ಅದು ಹೊರಗೆಡಹುತ್ತದೆ ಎಂಬುದು ಅವರ ವಿವರಣೆ. ಸಹಪ್ರಯಾಣಿಕರ ಗುಣವನ್ನು ಅರಿಯಲು ಪ್ರಯಾಣ ಒಳ್ಳೆಯದು ಎಂದಷ್ಟೇ ನಾವು ಅಂದು ಅರ್ಥ ಮಾಡಿಕೊಂಡಿದ್ದೆವು. ಅದು ತೆರೆದು ತೋರಿಸುವುದು ಮೊದಲು ನಮ್ಮನ್ನೇ ಎಂಬುದು ತಿಳಿಯಲು ಇಷ್ಟು ವರ್ಷಗಳು ಬೇಕಾದುವು.

ಉಮ್ರಾ ಮುಗಿಸಿ ಮರಳುವ ದಾರಿಯಲ್ಲಿ ನಮ್ಮ ತಂಡಕ್ಕೆ ಇಸ್ತಾಂಬುಲಿನಲ್ಲಿ ನಾಲ್ಕು ದಿನಗಳ ವಾಸ್ತವ್ಯವಿತ್ತು. ಮಕ್ಕಾ ಮದೀನಗಳಲ್ಲಿ ವಿಶ್ವದ ಎಲ್ಲ ಬಣ್ಣ, ಎಲ್ಲ ಉಡುಪು, ಎಲ್ಲ ಭಾಷೆಗಳ ಜನ ಒಂದೇ ಅಂಗಳದಲ್ಲಿ ಸೇರಿರುತ್ತಾರೆ. ಕೈಕಟ್ಟಿ ನಿಲ್ಲುವವರ ಪಕ್ಕದಲ್ಲೇ ಕೈ ಇಳಿಬಿಟ್ಟು ನಿಲ್ಲುವ ಮಾಲಿಕೀ ಮದ್ಸ್‌ಹಬಿನವರಿರುತ್ತಾರೆ. ಅಲ್ಲಿ ಭಿನ್ನತೆಯನ್ನು ನಿರೀಕ್ಷಿಸಿಯೇ ಹೋಗಿರುವುದರಿಂದ ಅದು ನಮ್ಮನ್ನು ಕದಡಲಿಲ್ಲ. ಕದಡಿದ್ದು ಇಸ್ತಾಂಬುಲಿನ ಸಣ್ಣ ಸಣ್ಣ ಸಂಗತಿಗಳು.

ಮೊದಲನೆಯ ದಿನವೇ ಎಮಿನೊನ್ಯು ದೋಣಿಕಟ್ಟೆಯ ಬಳಿಯ ಚಹಾದ ಅಂಗಡಿಯೊಂದರಲ್ಲಿ ಕುಳಿತಿದ್ದೆವು. ತಟ್ಟೆಯಲ್ಲಿ ಗ್ಲಾಸುಗಳನ್ನು ಹೊತ್ತು ಬಂದ ಹುಡುಗ ‘ಚಾಯ್?’ ಎಂದು ಕೇಳಿದ. ಊರಿನ ರೂಢಿಯಂತೆ ನಾವು ತಲೆಯನ್ನು ಅತ್ತಿತ್ತ ಮೆಲ್ಲಗೆ ಓಲಾಡಿಸಿದೆವು. ‘ಆಗಲಿ, ಕೊಡು’ ಎಂಬುದು ನಮ್ಮ ಅರ್ಥ. ಅವನು ನಕ್ಕು ಮುಂದಿನ ಮೇಜಿಗೆ ಹೋದ. ಮತ್ತೊಮ್ಮೆ ಬಂದಾಗಲೂ ಹಾಗೆಯೇ ಆಯಿತು. ಚಹಾದ ಪರಿಮಳ ನಮ್ಮನ್ನು ದಾಟಿ ಹೋಗುತ್ತಲೇ ಇತ್ತು.

ಅಲ್ಲಿಂದ ಎದ್ದು ಪಕ್ಕದ ಬೀದಿಯಲ್ಲಿ ತಸ್ಬೀಹ್ ಮಾಲೆಗಳ ಅಂಗಡಿಗೆ ಹೋದೆವು. ಮದ್ರಸದ ಮಕ್ಕಳಿಗೆ ಕೊಡಲು ಸಣ್ಣ ಮಣಿಗಳ ಮಾಲೆ ಇದೆಯೇ ಎಂದು ಕೈಸನ್ನೆಯಲ್ಲಿ ಕೇಳಿದೆವು. ಅಂಗಡಿಯವರು ಹುಬ್ಬೇರಿಸಿ, ಗದ್ದವನ್ನು ಮೇಲಕ್ಕೆತ್ತಿ, ನಾಲಗೆಯಿಂದ ‘ಚ್’ ಎಂದರು. ನಮ್ಮ ಕಡೆ ಅದು ತಿರಸ್ಕಾರದ ಸದ್ದು. ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಲೂ ಈ ಮನುಷ್ಯನಿಗೆ ಬಿಗುಮಾನವೇ ಎಂದುಕೊಂಡು ಸಲಾಮ್ ಕೂಡ ಹೇಳದೆ ಹೊರಬಂದೆವು. ಸಂಜೆಯವರೆಗೂ ಆ ಮುಖ ಕಣ್ಣೆದುರಿಗಿತ್ತು. ಜೊತೆಗಿದ್ದವರೊಡನೆ ಇಲ್ಲಿನ ಜನರ ಒರಟುತನದ ಬಗ್ಗೆ ಎರಡು ಮಾತು ಆಡಿಯೂ ಬಿಟ್ಟೆವು.

ರಾತ್ರಿ ನಮ್ಮ ಮಾರ್ಗದರ್ಶಕರು ಇದನ್ನು ಕೇಳಿ ನಕ್ಕರು. ತುರ್ಕಿಯಲ್ಲಿ ಹುಬ್ಬು, ಗದ್ದ ಮೇಲೆತ್ತಿ ‘ಚ್’ ಎನ್ನುವುದು ಕೇವಲ ‘ಇಲ್ಲ’ ಎಂಬ ಉತ್ತರವಂತೆ. ತಾಯಿ ಮಗುವಿಗೂ, ಗೆಳೆಯ ಗೆಳೆಯನಿಗೂ ಹೇಳುವುದು ಹಾಗೆಯೇ. ನಮ್ಮ ಓಲಾಡುವ ತಲೆಯೇ ಅವರಿಗೆ ಅರ್ಥವಾಗದ ಒಗಟು. ಅನುಮಾನಗಳಿಂದ ದೂರವಿರಿ, ಕೆಲವು ಅನುಮಾನಗಳು ಪಾಪವೇ ಆಗಿವೆ ಎಂಬ ಆಶಯದ ಸೂರಃ ಹುಜುರಾತಿನ ವಚನವನ್ನು ನಾವು ಎಷ್ಟು ಬಾರಿ ಮಕ್ಕಳಿಗೆ ಕಲಿಸಿಲ್ಲ! ಒಬ್ಬ ಅಪರಿಚಿತನ ಹುಬ್ಬಿನ ಚಲನೆಯೊಂದಕ್ಕೆ ಅದನ್ನು ಮರೆತಿದ್ದೆವು.

ಮರುದಿನ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ಗುರುತು ಹಿಡಿದು, ಎದೆಯ ಮೇಲೆ ಕೈಯಿಟ್ಟು ಸ್ವಾಗತಿಸಿ ಚಹಾ ತರಿಸಿದರು. ಹಿಡಿಯಿಲ್ಲದ, ನಡು ಸಣ್ಣಗಾದ ಪುಟ್ಟ ಗ್ಲಾಸು. ಹಾಲಿಲ್ಲದ ಕೆಂಪು ಚಹಾ. ಜೊತೆಗೆ ಎರಡು ಸಕ್ಕರೆ ಗಟ್ಟಿ. ಗ್ಲಾಸು ಬರಿದಾದಾಗಲೆಲ್ಲ ಮತ್ತೊಂದು ಬಂತು. ಕೊಟ್ಟದ್ದನ್ನು ಬೇಡವೆನ್ನಬಾರದೆಂದು ನಾವು ಕುಡಿಯುತ್ತಲೇ ಹೋದೆವು. ಮೂರನೆಯದು ಮುಗಿದಾಗ ಅವರೇ ನಗುತ್ತಾ ನಮ್ಮ ಚಮಚವನ್ನೆತ್ತಿ ಗ್ಲಾಸಿನ ಬಾಯಿಯ ಮೇಲೆ ಅಡ್ಡ ಇಟ್ಟು ತೋರಿಸಿದರು. ‘ಸಾಕು’ ಎಂದು ಹೇಳುವ ಕ್ರಮ ಅದು. ನಿನ್ನೆ ನಾವು ಅವರ ಬಗ್ಗೆ ಏನು ಯೋಚಿಸಿದ್ದೆವು ಎಂಬುದು ಅವರಿಗೆ ತಿಳಿಯದು. ಅಲ್ಲಾಹನಿಗೆ ತಿಳಿದಿದೆ.

ಅಂಗಡಿಯ ಎದುರಿನಲ್ಲೇ ಹಳೆಯ ಕಾಲದ ಅಮೃತಶಿಲೆಯ ನೀರಿನ ಕಟ್ಟೆಯೊಂದಿತ್ತು. ಅಂಗಡಿಯವರ ಮಗ, ಕಾಲೇಜು ಓದುವ ಹುಡುಗ, ಅದರ ಮೇಲಿನ ಬರಹವನ್ನು ಓದಲು ಬರುತ್ತದೆಯೇ ಎಂದು ನಮ್ಮನ್ನು ಕೇಳಿದ. ತುರ್ಕಿಯಲ್ಲಿ 1928ರಲ್ಲಿ ಅರಬಿ ಲಿಪಿಯನ್ನು ಬಿಟ್ಟು ಲ್ಯಾಟಿನ್ ಲಿಪಿಯನ್ನು ತಂದರು. ಹಾಗಾಗಿ ತಾತ ಮುತ್ತಾತಂದಿರ ಗೋರಿಕಲ್ಲುಗಳನ್ನೂ ಇಂದಿನ ಹೆಚ್ಚಿನವರಿಗೆ ಓದಲಾಗದು. ಕಲ್ಲಿನಲ್ಲಿದ್ದುದು ಜೀವವಿರುವ ಎಲ್ಲವನ್ನೂ ನೀರಿನಿಂದ ಉಂಟುಮಾಡಿದೆವು ಎಂಬರ್ಥದ ಕುರ್‌ಆನ್ ವಚನ. ಅದನ್ನು ಓದಿ ತಿಳಿಸಿದೆವು. ಅದರ ಕೆಳಗಿನ ಸಾಲುಗಳು ಹಳೆಯ ತುರ್ಕಿ ಭಾಷೆಯವು. ಅಕ್ಷರ ನಮಗೆ ಗೊತ್ತು, ಭಾಷೆ ಗೊತ್ತಿಲ್ಲ. ಅವನಿಗೆ ಭಾಷೆ ಗೊತ್ತು, ಅಕ್ಷರ ಗೊತ್ತಿಲ್ಲ. ನಾವು ಒಂದೊಂದೇ ಪದವನ್ನು ಉಚ್ಚರಿಸಿದೆವು. ಅವನು ತನಗೆ ತಿಳಿದ ಪದ ಬಂದಾಗಲೆಲ್ಲ ಕೈ ಮೇಲೆತ್ತಿ ನಿಲ್ಲಿಸಿದ. ಪೂರ್ತಿ ಅರ್ಥವಾಗಲಿಲ್ಲ. ಆದರೂ ಒಂದು ಕಲ್ಲನ್ನು ಇಬ್ಬರು ಸೇರಿ ಓದಿದ ಸಂತೋಷ ನಮಗಿಬ್ಬರಿಗೂ ಆಯಿತು.

ಅಂದು ಝುಹರ್ ನಮಾಝಿಗೆ ಸುಲೈಮಾನಿಯ್ಯ ಮಸೀದಿಗೆ ಹೋದೆವು. ಶಿಲ್ಪಿ ಸಿನಾನ್ ಕಟ್ಟಿ 1557ರಲ್ಲಿ ಮುಗಿಸಿದ ಆ ಗುಮ್ಮಟದ ಕೆಳಗೆ ನಿಂತರೆ ಮಾತು ತಾನಾಗಿ ತಗ್ಗುತ್ತದೆ. ನಮ್ಮ ಊರಿನ ಮಸೀದಿಗಳಲ್ಲಿ ಹೌಳಿನ ಬಳಿ ವುಳೂ ಮಾಡಿ ಒದ್ದೆ ಕಾಲಲ್ಲೇ ಒಳಗೆ ಬರುವುದು ಸಹಜ. ನಾವು ಹಾಗೆಯೇ ಬರಿಗಾಲಲ್ಲಿ ನಡೆದು ಬಂದು ರತ್ನಗಂಬಳಿಯ ಅಂಚಿನಲ್ಲಿ ಕಾಲಿಟ್ಟೆವು. ಅಲ್ಲಿನವರು ವುಳೂವಿನ ಬಳಿಕ ಕಾಲು ಒರೆಸಿ, ಕಾಲುಚೀಲ ಹಾಕಿ, ಗಂಬಳಿಯ ಅಂಚಿನವರೆಗೂ ಪಾದರಕ್ಷೆಯಲ್ಲೇ ಬಂದು ಅಲ್ಲಿ ಕಳಚುತ್ತಿದ್ದರು. ಅದನ್ನು ನಾವು ಗಮನಿಸಿರಲಿಲ್ಲ. ಒಬ್ಬ ವೃದ್ಧರು ಸಮೀಪ ಬಂದರು. ಒಂದು ಕೈಯನ್ನು ಎದೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಜೇಬಿನಲ್ಲಿದ್ದ ಕಾಗದದ ಕರವಸ್ತ್ರಗಳನ್ನು ನಮ್ಮ ಕೈಗಿತ್ತು, ಕಾಲಿನ ಕಡೆಗೆ ಕಣ್ಣಿನಿಂದಲೇ ತೋರಿಸಿದರು. ಯಾರೂ ತಿರುಗಿ ನೋಡಲಿಲ್ಲ. ತಿರುಗಿ ನೋಡುವಂತೆ ಅವರು ಮಾಡಲಿಲ್ಲ.

ಸಫ್‌ನಲ್ಲಿ ಅವರ ಪಕ್ಕದಲ್ಲೇ ನಿಂತೆವು. ಕಣ್ಣು ಹಾಯಿಸಿದಾಗ ಮುಂದಿನ ಸಾಲಿನ ಬಹುತೇಕರ ತಲೆಯ ಮೇಲೆ ಟೋಪಿ ಇರಲಿಲ್ಲ. ಕೋಟು ಧರಿಸಿದ ಉದ್ಯೋಗಿಗಳು, ಕೂಲಿಕಾರರು, ವಿದ್ಯಾರ್ಥಿಗಳು ಎಲ್ಲರೂ ಬರಿದಲೆಯವರೇ. ಇಮಾಮರದು ಮಾತ್ರ ಮುಂಡಾಸು, ನಿಲುವಂಗಿ. ನಮಾಝ್ ಮುಗಿದ ಮೇಲೆ ವೃದ್ಧರು ಕೈ ನೀಡಿ, ಅಲ್ಲಾಹನು ಸ್ವೀಕರಿಸಲಿ ಎಂದು ತಮ್ಮ ಭಾಷೆಯಲ್ಲಿ ಹಾರೈಸಿದರು. ನಾವು ‘ಆಮೀನ್’ ಎಂದೆವು. ಆದರೆ ಮನಸ್ಸು ಅಲ್ಲಿರಲಿಲ್ಲ.

ಅದು ಊರಿನ ನಮ್ಮ ಮಸೀದಿಗೆ ಹೋಗಿತ್ತು. ಎರಡು ವರ್ಷಗಳ ಹಿಂದೆ ಮಸೀದಿಯ ಸಮೀಪದ ಕಟ್ಟಡವೊಂದರಲ್ಲಿ ಟೈಲ್ಸ್ ಹಾಕುವ ಕೆಲಸಕ್ಕೆ ಉತ್ತರ ಭಾರತದಿಂದ ಬಂದಿದ್ದ ಯುವಕನೊಬ್ಬ ಅಸರ್ ನಮಾಝಿಗೆ ಓಡೋಡಿ ಬಂದು ಕೊನೆಯ ಸಫ್‌ನಲ್ಲಿ ನಿಂತಿದ್ದ. ಬಟ್ಟೆಯ ತುಂಬ ಸಿಮೆಂಟಿನ ಧೂಳು, ತಲೆಯಲ್ಲಿ ಟೋಪಿಯಿಲ್ಲ. ಸಲಾಮ್ ಹೇಳಿ ಮುಗಿಸಿದೊಡನೆ ನಾವು ಎಲ್ಲರೆದುರು, ‘ಅಲ್ಲಾಹನ ಮನೆಗೆ ಹೀಗೆ ಬರುವುದೇ? ಒಂದು ಟೋಪಿಗೂ ಗತಿಯಿಲ್ಲವೇ?’ ಎಂದು ಉರ್ದುವಿನಲ್ಲಿ ಗದರಿಸಿದ್ದೆವು. ಅವನು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು, ‘ಮಾಫ್ ಕೀಜಿಯೇ, ಮೌಲಾನಾ’ ಎಂದು ಹೊರಟುಹೋದ. ಮರುದಿನ ಅವನು ಕಾಣಲಿಲ್ಲ. ಆಮೇಲೆಯೂ ಕಾಣಲಿಲ್ಲ. ನಾವು ಕೇಳಲೂ ಇಲ್ಲ.

ನಮಾಝಿನಲ್ಲಿ ತಲೆ ಮುಚ್ಚುವುದು ಪುಣ್ಯದಾಯಕ. ಅದು ನಮಾಝ್ ಸಿಂಧುವಾಗಲು ಶರತ್ತಲ್ಲ. ಮದ್ರಸದ ಮಕ್ಕಳಿಗೂ ತಿಳಿದಿರುವ ಈ ಮಾತು ನಮಗೆ ತಿಳಿದಿರಲಿಲ್ಲವೇ? ತಿಳಿದಿತ್ತು. ಆದರೆ ನಮ್ಮೂರಿನ ಅಭ್ಯಾಸವನ್ನು ದೀನ್‌ನ ತೂಕದಲ್ಲಿ ತೂಗಿದೆವು. ಮಸೀದಿಯೊಳಗೆ ಮೂತ್ರ ಮಾಡಿದ ಗ್ರಾಮೀಣ ಅರಬನ ಮೇಲೆ ಸ್ವಹಾಬಿಗಳು ಏರಿಹೋದಾಗ ಅವರನ್ನು ತಡೆದು, ಒಂದು ಬಿಂದಿಗೆ ನೀರು ಸುರಿಯಲು ಹೇಳಿದ ಪ್ರವಾದಿ(ಸ.ಅ)ರ ಚರಿತ್ರೆಯನ್ನು ವೇದಿಕೆಗಳಲ್ಲಿ ಗದ್ಗದಿತರಾಗಿ ಹೇಳಿದ್ದೆವು. ನಮ್ಮ ಸರದಿ ಬಂದಾಗ ನಮ್ಮ ಬಳಿ ಒಂದು ಬಿಂದಿಗೆ ನೀರೂ ಇರಲಿಲ್ಲ, ಒಂದು ತುಂಡು ಕಾಗದವೂ ಇರಲಿಲ್ಲ.

ಊರಿಗೆ ಮರಳಿದ ವಾರದಲ್ಲೇ ಆ ಕಟ್ಟಡದ ಗುತ್ತಿಗೆದಾರರನ್ನು ಹುಡುಕಿಕೊಂಡು ಹೋದೆವು. ಹುಡುಗರು ಬರುತ್ತಾರೆ, ಕೆಲಸ ಮುಗಿದರೆ ಹೋಗುತ್ತಾರೆ, ಯಾರೆಂದು ಹೇಳಲಿ ಉಸ್ತಾದರೇ, ಎಂದರು ಅವರು. ಹೆಸರು ನಮಗೂ ಗೊತ್ತಿರಲಿಲ್ಲ. ಹೆಸರು ಕೇಳುವ ಮೊದಲೇ ಗದರಿಸಿದ್ದೆವಲ್ಲ! ಅವನು ಇಂದು ಯಾವ ಊರಿನಲ್ಲಿದ್ದಾನೋ, ಅಲ್ಲಿನ ಮಸೀದಿಯ ಮೆಟ್ಟಿಲು ಹತ್ತುತ್ತಿದ್ದಾನೋ ಇಲ್ಲವೋ, ನಮಗೆ ತಿಳಿಯುವ ದಾರಿಯಿಲ್ಲ. ಕ್ಷಮೆ ಕೇಳಬೇಕಾದವನ ವಿಳಾಸವಿಲ್ಲದಿರುವುದು ಎಂತಹ ಭಾರವೆಂಬುದನ್ನು ಅನುಭವಿಸಿದವರೇ ಬಲ್ಲರು.

ಈಗ ನಮ್ಮ ಮಸೀದಿಯ ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಒಗೆದ ಟೋಪಿಗಳಿವೆ. ಬೇಕಾದವರು ತೆಗೆದುಕೊಳ್ಳುತ್ತಾರೆ, ಬೇಡದವರು ಹಾಗೆಯೇ ನಿಲ್ಲುತ್ತಾರೆ. ಯಾರನ್ನೂ ಯಾರೂ ಕೇಳುವುದಿಲ್ಲ.

ಓದುಗರೇ, ನಾವು ಜನಾಂಗ, ಗೋತ್ರಗಳಾಗಿ ಬೇರೆಬೇರೆಯಾದುದು ಪರಸ್ಪರ ಅರಿತುಕೊಳ್ಳಲಿಕ್ಕಾಗಿ ಎಂದು ಕುರ್‌ಆನ್ ಬೋಧಿಸುತ್ತದೆ. ಅರಿಯಲು ಇಸ್ತಾಂಬುಲಿಗೆ ಹೋಗಬೇಕೆಂದಿಲ್ಲ. ಕೊನೆಯ ಸಫ್‌ನಲ್ಲಿ ಧೂಳು ಮೆತ್ತಿದ ಬಟ್ಟೆಯಲ್ಲಿ ಪರದೇಶವೊಂದು ನಿಂತಿರುತ್ತದೆ. ಅದರ ಹೆಸರು ಕೇಳಿ, ಊರು ಕೇಳಿ. ಆ ಯುವಕ ಎಲ್ಲೇ ಇರಲಿ, ಅಲ್ಲಾಹನು ಅವನ ನಮಾಝನ್ನು ಸ್ವೀಕರಿಸಲಿ, ನಮ್ಮ ನಾಲಗೆಯ ತಪ್ಪನ್ನು ಮನ್ನಿಸಲಿ. ಆಮೀನ್.