ಹಿತ್ತಿಲ ಹೊಂಡದ ಖಾತೆದಾರರು

ಸಾಗರ ಪೇಟೆಯಿಂದ ಇಕ್ಕೇರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದೆ ರಸ್ತೆ, ಹಿಂದೆ ಹಿತ್ತಿಲು. ನಾಲ್ಕು ತೆಂಗು, ಒಂದಿಷ್ಟು ಅಡಿಕೆ, ಬಸಳೆ ಚಪ್ಪರ, ಬಾವಿಕಟ್ಟೆಯ ಪಕ್ಕ ಕೆಸುವಿನ ಪಾತಿ. ಹಂಚಿನ ಮಾಡಿನಿಂದ ಇಳಿದ ಮಳೆನೀರು ಬಂದು ನಿಲ್ಲುವಲ್ಲಿ ಒಂದು ಹೊಂಡ. ಉದ್ದ 6 ಅಡಿ, ಅಗಲ 4 ಅಡಿ, ಆಳ ಮೊಣಕಾಲಿನವರೆಗೆ. ಇಷ್ಟೇ ನಾನು ಹೇಳಹೊರಟಿರುವ ಊರು.

36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕ ಬರೆಯದೆ ಕೈ ಸುಮ್ಮನಿರದು. ನಿವೃತ್ತಿಯಾದ ಮೇಲೆ ಒಂದು ಡೈರಿಯಲ್ಲಿ ಈ ಹೊಂಡದ ಲೆಕ್ಕ ಶುರು ಮಾಡಿದೆ. ಖಾತೆದಾರರೆಲ್ಲ ಕಪ್ಪೆಗಳು. ಠೇವಣಿ ಇಡಲು ಬರುವುದು ಮಳೆಗಾಲದಲ್ಲಿ, ಅದೂ ಮೊಟ್ಟೆಯ ರೂಪದಲ್ಲಿ!

ಮಕ್ಕಳೇ, ಏಪ್ರಿಲ್, ಮೇ ತಿಂಗಳ ಪುಟಗಳು ಹೆಚ್ಚಾಗಿ ಖಾಲಿ. ಕಪ್ಪೆಗಳು ಆಗ ಎಲ್ಲೂ ಹೋಗಿರುವುದಿಲ್ಲ. ಕಲ್ಲಿನ ಅಡಿ, ಬೇರಿನ ಸಂದು, ತೇವದ ಮಣ್ಣಿನೊಳಗೆ ಅಡಗಿ ಕಾಯುತ್ತಿರುತ್ತವೆ. ಜೂನ್‌ನಲ್ಲಿ ಮೃಗಶಿರಾ ಮಳೆ ಜಡಿದು ಸುರಿದ ರಾತ್ರಿ ಮೊದಲು ಹಾಜರಿ ಹಾಕುವುದು ಗೋಂಕರು ಕಪ್ಪೆ. ಉಳಿದ ದಿನಗಳಲ್ಲಿ ಕೆಸರಿನ ಬಣ್ಣದ ಈ ದಢೂತಿ ಗಂಡು ಆ ರಾತ್ರಿ ಅರಿಸಿನ ಬಳಿದುಕೊಂಡ ಮದುಮಗನಂತೆ ಹಳದಿಯಾಗಿರುತ್ತದೆ. ಕೂಗುವಾಗ ಗಲ್ಲದ ಎರಡೂ ಬದಿಗೆ ನೀಲಿ ಚೀಲಗಳು ಉಬ್ಬುತ್ತವೆ. ಹೆಣ್ಣನ್ನು ಕರೆಯುವ ಕೂಗು ಅದು.

ಆಮೇಲೆ ಬರುವುದು ಮರಗಪ್ಪೆ. ಬಚ್ಚಲುಮನೆಯ ಗೋಡೆಗೆ ಅಂಟಿ ಕೂತು ಎಷ್ಟೋ ಮನೆಗಳಲ್ಲಿ ಕಿರುಚಿಸಿದ ಬಡಪಾಯಿ ಇದೇ. ಇದು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ನೀರಿನ ಮೇಲೆ ಬಾಗಿದ ಎಲೆಗೋ ಕಲ್ಲುಮರಿಗೆಯ ಅಂಚಿಗೋ ನೊರೆಯ ಗೂಡು ಕಟ್ಟುತ್ತದೆ. ಹಿಂಗಾಲಿನಿಂದ ಮಜ್ಜಿಗೆ ಕಡೆದಂತೆ ಕಡೆದು ನೊರೆ ಎಬ್ಬಿಸುತ್ತದೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ನೊರೆಯಿಂದ ತೊಟ್ಟಿಕ್ಕಿ ನೇರ ನೀರಿಗೆ ಬೀಳುತ್ತವೆ. ನೆಲಗಪ್ಪೆ ಮಾತ್ರ ನೀರಿನಲ್ಲೇ ಕರಿಮಣಿ ಸರದಂತೆ ಮೊಟ್ಟೆ ಪೋಣಿಸಿಡುತ್ತದೆ. ಬೆರಳ ತುದಿಯಷ್ಟೇ ಇರುವ ಪೊದೆಗಪ್ಪೆಗಳದು ಇನ್ನೊಂದು ವಿಚಿತ್ರ. ಅವುಗಳಿಗೆ ಗೊದಮೊಟ್ಟೆಯ ಬಾಲ್ಯವೇ ಇಲ್ಲ. ಮೊಟ್ಟೆಯೊಡೆದು ಬರುವಾಗಲೇ ಪುಟ್ಟ ಕಪ್ಪೆ!

ನಮ್ಮ ಸೀಮೆ ಕಪ್ಪೆಗಳ ತವರು. ಸಾಗರದಿಂದ ಜೋಗ ದಾಟಿ ಹೊನ್ನಾವರದ ಕಡೆಗೆ ಹೊರಟರೆ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಅಲ್ಲಿನ ರಾಮಪತ್ರೆ ಜಡ್ಡಿಗಳ ತೊರೆಯಲ್ಲಿ ಒಂದು ಕಪ್ಪೆ ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಲೋಕಕ್ಕೆ ಪರಿಚಯಿಸಿದಾಗ ವೈಜ್ಞಾನಿಕ ಹೆಸರಿನಲ್ಲೇ ‘ಕುಂಬಾರ’ ಎಂಬ ನಮ್ಮ ಕನ್ನಡ ಪದ ಸೇರಿಸಿದರು.

ಇಂಥ ಸೀಮೆಯಲ್ಲೂ ಡೈರಿಯ ಲೆಕ್ಕ ಕುಗ್ಗುತ್ತಿದೆ. 2012ರ ಮೊದಲ ದೊಡ್ಡ ಮಳೆಯ ರಾತ್ರಿ 11 ಗೋಂಕರು ಕಪ್ಪೆ ಎಣಿಸಿದ್ದೆ. 2023ರಲ್ಲಿ ಮೂರೇ ಮೂರು. ಆಚೆಯ ಗದ್ದೆ ಸೈಟಾಗಿದೆ. ಹೊಂಡಕ್ಕೆ ಬರಲು ಅವು ರಸ್ತೆ ದಾಟಬೇಕು, ಕಾರುಗಳೂ ಅದೇ ರಾತ್ರಿ ಓಡುತ್ತವೆ.

ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ಮಗ, “ಅಪ್ಪಾ, ಹಿತ್ತಿಲಿಗೆ ಪೂರ್ತಿ ಇಂಟರ್‌ಲಾಕ್ ಹಾಕಿಸಿಬಿಡೋಣ. ಕೆಸರಲ್ಲಿ ನೀವಿಬ್ಬರೂ ಜಾರಿ ಬಿದ್ದರೆ ಯಾರು ನೋಡ್ತಾರೆ?” ಎಂದ. ಅವನ ಭಯ ಸುಳ್ಳಲ್ಲ. ನನ್ನವಳಿಗೂ ಮಂಡಿನೋವು. ಕಪ್ಪೆ ಇದ್ದಲ್ಲಿ ಹಾವು ಬರುತ್ತದೆ ಎಂಬ ಆತಂಕವೂ ಅವಳಿಗಿತ್ತು. ಅದೇ ವಾರ ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಹೊಂಡ ನೋಡಿ ಹುಬ್ಬೇರಿಸಿದರು.

ನಾಲ್ಕನೇ ಕ್ಲಾಸಿನ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾ, ಅವು ಈಗ ಮಣ್ಣೊಳಗೇ ಇದಾವಲ್ಲ, ಮೇಲೆ ಟೈಲ್ಸ್ ಹಾಕಿದ್ರೆ ಹೊರಗೆ ಹೇಗೆ ಬರ್ತವೆ?”

ಮಗ ಉತ್ತರ ಹೇಳಲಿಲ್ಲ. ಡೈರಿ ತರಿಸಿಕೊಂಡು ರಾತ್ರಿ ಹನ್ನೊಂದರವರೆಗೆ ಓದಿದ. ಬೆಳಿಗ್ಗೆ ಟೇಪು ಹಿಡಿದು ಅಳೆದ. ಹಿಂಬಾಗಿಲಿನಿಂದ ಬಾವಿಕಟ್ಟೆಯವರೆಗೆ 4 ಅಡಿ ಅಗಲದ ಕಾಲುದಾರಿ, ಪಕ್ಕಕ್ಕೆ ಕೈ ಹಿಡಿಯಲು ಒಂದು ಪೈಪು. ಅಷ್ಟೇ ಹಾಕಿಸಿದ. ಉಳಿದದ್ದು ಮಣ್ಣಾಗಿಯೇ ಉಳಿಯಿತು. ಕಾಂಪೌಂಡ್ ಗೋಡೆಯ ಬುಡದಲ್ಲಿ ಮುಷ್ಟಿ ಗಾತ್ರದ ಎರಡು ತೂತು ಬಿಡಿಸಿದ್ದು ಮೊಮ್ಮಗಳು.

ಆಶಾ ಕಾರ್ಯಕರ್ತೆ ಮಳೆ ಶುರುವಾದ ಮೇಲೆ ಮತ್ತೆ ಬಂದು ಟಾರ್ಚ್ ಬಿಟ್ಟು ನೋಡಿದರು. ನೀರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಗಳಿದ್ದವು. ಅವು ಸೊಳ್ಳೆಮರಿಗಳನ್ನು ಹಿಡಿದು ತಿನ್ನುತ್ತವೆ. “ಸರ್, ವಾರಕ್ಕೊಮ್ಮೆ ನೋಡ್ತಾ ಇರಿ. ಕರಟ, ಟೈರು, ಹೂಕುಂಡದ ತಟ್ಟೆಯಲ್ಲಿ ಮಾತ್ರ ಒಂದು ಹನಿ ನೀರೂ ನಿಲ್ಲಬಾರದು” ಎಂದರು. ಈಗ ಪ್ರತಿ ಭಾನುವಾರ ಹೊಂಡದ ತಪಾಸಣೆ. ಸೊಳ್ಳೆಮರಿ ಕಂಡರೆ ಹಳೆಯ ಚಹಾ ಜಾಲರಿಯಿಂದ ಸೋಸಿ ತೆಗೆಯುತ್ತೇನೆ.

ಹಾವಿನ ಮಾತೂ ಹೇಳಬೇಕು. ಬರುವುದು ಹೆಚ್ಚಾಗಿ ವಿಷವಿಲ್ಲದ ನೀರೊಳ್ಳೆಯೇ ಆದರೂ, ನಾಗರಹಾವಿಗೂ ಕಪ್ಪೆ ಇಷ್ಟ. ಅದಕ್ಕೇ ಹೊಂಡ ಹಿಂಬಾಗಿಲಿನಿಂದ ದೂರವಿರಬೇಕು. ತರಗೆಲೆ, ಕಟ್ಟಿಗೆ ರಾಶಿ ಬಾಗಿಲ ಬಳಿ ಬೇಡ. ರಾತ್ರಿ ಟಾರ್ಚ್ ಇಲ್ಲದೆ ಹೆಜ್ಜೆ ಇಡಬಾರದು.

ನಿಮ್ಮ ಮನೆಯಲ್ಲೂ ಅಂಗೈಯಗಲ ಮಣ್ಣಿದ್ದರೆ, ಅಜ್ಜ ಅಜ್ಜಿ ಮೊಮ್ಮಕ್ಕಳು ಸೇರಿ ಒಂದು ಖಾತೆ ತೆರೆಯಬಹುದು. ನೆರಳಿನಲ್ಲಿ ತಗ್ಗಾದ ಹೊಂಡ ಸಾಕು. ಒಂದು ಬದಿ ಇಳಿಜಾರಾಗಿರಲಿ, ಇಲ್ಲದಿದ್ದರೆ ಮರಿಕಪ್ಪೆ ಮೇಲೆ ಹತ್ತಲಾರದೆ ಸಾಯುತ್ತದೆ. ಪುಟ್ಟ ಮಕ್ಕಳು ಒಬ್ಬರೇ ಹೋಗದಂತೆ ಸುತ್ತ ಬೇಲಿ ಇರಲಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿಟ್ಟು ಹಾಕಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಆದ್ದರಿಂದ ಸೋಪಿನ ನೀರು, ಕಳೆನಾಶಕ, ಕೀಟನಾಶಕ ಹತ್ತಿರ ಸುಳಿಯಬಾರದು. ಗೊದಮೊಟ್ಟೆಗೆ ಅನ್ನ ಹಾಕಬೇಡಿ, ನೀರು ಕೊಳೆಯುತ್ತದೆ. ಪಾಚಿಯೇ ಅವುಗಳ ಊಟ. ಬೇರೆ ಕೆರೆಯಿಂದ ಕಪ್ಪೆ ಹಿಡಿದು ತರುವುದು ಬೇಡ, ರೋಗವೂ ಜೊತೆಗೆ ಬಂದೀತು. ನೀರಿದ್ದರೆ ಅವೇ ಬರುತ್ತವೆ. ಮುಟ್ಟಿದರೆ ನರುಳ್ಳೆ ಬರುತ್ತದೆ ಎಂಬುದು ಸುಳ್ಳು. ಆದರೆ ನೆಲಗಪ್ಪೆಯ ಕಣ್ಣಿನ ಹಿಂದಿನ ಗ್ರಂಥಿಯಲ್ಲಿ ವಿಷವಿರುವುದು ನಿಜ, ಕೈ ತಾಗಿದರೆ ತೊಳೆದುಕೊಳ್ಳಿ.

ಕಪ್ಪೆಕಾಲಿನ ರಫ್ತನ್ನು ನಮ್ಮ ಸರಕಾರ 1987ರಲ್ಲೇ ನಿಲ್ಲಿಸಿತು. ಡಾಲರು ಬರುತ್ತಿತ್ತು, ನಿಜ. ಆದರೆ ಗದ್ದೆಯ ಹುಳ ತಿನ್ನುವವರು ಯಾರು? ಲೆಕ್ಕ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ.

ಈ ವರ್ಷ ನಮ್ಮ ಹೊಂಡಕ್ಕೆ ಬಂದ ಗೋಂಕರು ಕಪ್ಪೆ 5. ಅದರಲ್ಲಿ ಎರಡು ಮೊಮ್ಮಗಳ ತೂತಿನಿಂದಲೇ ನುಸುಳಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಫೋನಿನಲ್ಲಿ ಹೇಳಿದಾಗ ಅವಳು ಕೇಳಿದಳು: “ಅಜ್ಜಾ, ಡೈರೀಲಿ ನನ್ನ ಹೆಸರು ಬರೆದ್ಯಾ?” ಬರೆದಿದ್ದೇನೆ, ಜಮಾ ಕಾಲಮ್ಮಿನಲ್ಲಿ.